ಮುಚ್ಚಿಟ್ಟ ಪಟ್ಟಿ, ಮುಚ್ಚಿದ ಅಂಗಡಿ

ಹದಿಮೂರು ದಿನ. 34,900 ಕೋಟಿ ಡಾಲರ್ ಕರಗಿಹೋಗಲು ಹಿಡಿದದ್ದು ಇಷ್ಟೇ ಕಾಲ. 2020ರ ಏಪ್ರಿಲ್ 3ರಂದು ಅಮೆರಿಕದ ಸರ್ಕಾರ ಸಣ್ಣ ವ್ಯಾಪಾರಿಗಳಿಗೆಂದು ಸಾಲದ ಬಾಗಿಲು ತೆರೆಯಿತು. ಏಪ್ರಿಲ್ 16ಕ್ಕೆ ಹಣ ಮುಗಿಯಿತೆಂದು ಬಾಗಿಲು ಹಾಕಿತು. ಕೊರೊನಾ ಪಿಡುಗಿನ ಅದೇ ದಿನಗಳಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಎಲ್ಮ್‌ಹರ್ಸ್ಟ್ ಆಸ್ಪತ್ರೆಯ ಹೊರಗೆ ಹೆಣ ಇಡಲು ಶೈತ್ಯಾಗಾರದ ಲಾರಿ ನಿಲ್ಲಿಸಿದ್ದರು. ಅಲ್ಲಿಂದ ಕೂಗಳತೆಯ ಜಾಕ್ಸನ್ ಹೈಟ್ಸ್ ಬೀದಿಗಳಲ್ಲಿ ಬಂಗಾಳಿಗಳ ದಿನಸಿ ಅಂಗಡಿ, ಗುಜರಾತಿಗಳ ಸೀರೆ ಮಳಿಗೆ, ಮೆಕ್ಸಿಕೊದವರ ತಿಂಡಿ ಅಂಗಡಿ, ಕ್ಷೌರದಂಗಡಿ ಎಲ್ಲದರ ಶಟರ್ ಕೆಳಗಿಳಿದಿತ್ತು. ಸಾವು ಅತಿ ಹೆಚ್ಚು ಸುತ್ತಾಡಿದ ಬೀದಿಗಳು ಅವು. ನೆರವಿನ ಹಣ ಮೊದಲು ಅಲ್ಲಿಗೆ ಹೋಗಬೇಕಿತ್ತು. ಹೋಗಲಿಲ್ಲ.

ಎಲ್ಲಿಗೆ ಹೋಯಿತು ಎಂದು ಜನ ಕೇಳಿದರು. ಹೇಳುವುದಿಲ್ಲ ಎಂದಿತು ಸರ್ಕಾರ. ನನ್ನ ಸಿಟ್ಟು ಶುರುವಾಗುವುದು ಇಲ್ಲಿಂದ.

ಯೋಜನೆಯ ಹೆಸರು ಪೇಚೆಕ್ ಪ್ರೊಟೆಕ್ಷನ್ ಪ್ರೋಗ್ರಾಂ. ನೌಕರರ ಸಂಬಳ ನಿಲ್ಲದಂತೆ ನೋಡಿಕೊಳ್ಳುವ ಸಾಲ. 2020ರ ಮಾರ್ಚ್ 27ರಂದು ಸಹಿಯಾದ ಕೇರ್ಸ್ ಕಾಯ್ದೆಯಡಿ ಇದು ಹುಟ್ಟಿತು. 500ಕ್ಕಿಂತ ಹೆಚ್ಚು ನೌಕರರಿಲ್ಲದ ಉದ್ದಿಮೆಗೆ ಅದರ ತಿಂಗಳ ಸರಾಸರಿ ಸಂಬಳದ ಬಾಬ್ತಿನ ಎರಡೂವರೆ ಪಟ್ಟು ಸಾಲ. ಒಬ್ಬರಿಗೆ ಹೆಚ್ಚೆಂದರೆ ಒಂದು ಕೋಟಿ ಡಾಲರ್. ಬಡ್ಡಿ ಶೇ 1. ಪಡೆದ ಹಣದ ಹೆಚ್ಚಿನ ಪಾಲನ್ನು ಸಂಬಳಕ್ಕೇ ಖರ್ಚು ಮಾಡಿದರೆ ಸಾಲ ಪೂರ್ತಿ ಮನ್ನಾ. ಕಾಗದದ ಮೇಲೆ ಸಾಲ, ನಿಜದಲ್ಲಿ ಅನುದಾನ. ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಸರ್ಕಾರವೇ ಅಂಗಡಿ ಮುಚ್ಚು ಎಂದಾಗ ಅಂಗಡಿಯವನ ಹೊಟ್ಟೆಯನ್ನೂ ಅವನ ಆಳುಗಳ ಹೊಟ್ಟೆಯನ್ನೂ ಸರ್ಕಾರವೇ ನೋಡಿಕೊಳ್ಳಬೇಕು. ಅದು ಭಿಕ್ಷೆಯಲ್ಲ, ಹಕ್ಕು. ಆ ಹಕ್ಕಿನ ಹಣವನ್ನು ಲೆಕ್ಕವಿಲ್ಲದೆ, ಕಾವಲಿಲ್ಲದೆ, ಕೇಳುವವರ ಬಾಯಿ ಮುಚ್ಚಿಸಿ ಹಂಚಿದರಲ್ಲ, ತಕರಾರು ಅದರ ಮೇಲೆ.

ಕಾನೂನು ಬರೆಯುವಾಗಲೇ ದೊಡ್ಡವರು ನುಸುಳಲು ಕಂಡಿ ಬಿಟ್ಟರು. ಹೋಟೆಲು, ರೆಸ್ಟೊರೆಂಟುಗಳ ವಿಷಯದಲ್ಲಿ 500 ನೌಕರರ ಮಿತಿಯನ್ನು ಇಡೀ ಕಂಪನಿಗೆ ಹಾಕಬೇಕಿಲ್ಲ, ಒಂದೊಂದು ಶಾಖೆಗೆ ಹಾಕಿದರೆ ಸಾಕು ಎಂದರು. ಷೇರುಪೇಟೆಯಲ್ಲಿ ವಹಿವಾಟು ನಡೆಸುವ, ಸಾವಿರಾರು ನೌಕರರ ಬರ್ಗರ್ ಸರಪಳಿ ಶೇಕ್ ಶ್ಯಾಕ್ ಒಂದು ಕೋಟಿ ಡಾಲರ್ ಪಡೆಯಿತು. ದುಬಾರಿ ಸ್ಟೇಕ್ ಊಟದ ರೂತ್ಸ್ ಕ್ರಿಸ್ ತನ್ನ ಎರಡು ಅಂಗಸಂಸ್ಥೆಗಳ ಹೆಸರಿನಲ್ಲಿ ಎರಡು ಕೋಟಿ ಪಡೆಯಿತು. ಟೆಕ್ಸಾಸಿನ ಆಶ್‌ಫರ್ಡ್ ಹೋಟೆಲ್ ಸಮೂಹ ಒಂದೊಂದು ಹೋಟೆಲಿನ ಹೆಸರಿನಲ್ಲಿ ಬೇರೆ ಬೇರೆ ಅರ್ಜಿ ಹಾಕಿ ಕೋಟಿಗಟ್ಟಲೆ ಡಾಲರ್ ತೆಗೆದುಕೊಂಡಿತು. ಹೋಟೆಲಿಗೆ ಸಂಬಂಧವೇ ಇಲ್ಲದ, ಜಗತ್ತಿನ ಅತಿ ಶ್ರೀಮಂತ ಬ್ಯಾಸ್ಕೆಟ್‌ಬಾಲ್ ತಂಡಗಳಲ್ಲೊಂದಾದ ಲಾಸ್ ಏಂಜಲೀಸ್ ಲೇಕರ್ಸ್ 46 ಲಕ್ಷ ಡಾಲರ್ ಪಡೆಯಿತು. ಇವರಲ್ಲಿ ಯಾರೂ ಕಾನೂನು ಮುರಿಯಲಿಲ್ಲ. ಕಾನೂನೇ ಅವರನ್ನು ಒಳಗೆ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿತು.

ಹಣ ಹಂಚುವ ಕೆಲಸವನ್ನು ಬ್ಯಾಂಕುಗಳಿಗೆ ಒಪ್ಪಿಸಿದರು. ಶುಲ್ಕ ಹೇಗೆ ಗೊತ್ತು ಮಾಡಿದರು ನೋಡಿ. ಮೂರೂವರೆ ಲಕ್ಷ ಡಾಲರ್‌ವರೆಗಿನ ಸಾಲಕ್ಕೆ ಶೇ 5, ಇಪ್ಪತ್ತು ಲಕ್ಷದವರೆಗೆ ಶೇ 3, ಅದರಾಚೆಗೆ ಶೇ 1. ಓದುವಾಗ ಸಣ್ಣವರಿಗೆ ಅನುಕೂಲವಾಗಿ ಕಾಣುತ್ತದೆ. ಲೆಕ್ಕ ಹಾಕಿ. ಕ್ಷೌರದಂಗಡಿಯ ಇಪ್ಪತ್ತು ಸಾವಿರ ಡಾಲರಿನ ಅರ್ಜಿಯಿಂದ ಬ್ಯಾಂಕಿಗೆ ಸಿಗುವುದು ಒಂದು ಸಾವಿರ. ಹೋಟೆಲ್ ಸರಪಳಿಯ ಒಂದು ಕೋಟಿಯ ಅರ್ಜಿಯಿಂದ ಒಂದು ಲಕ್ಷ. ಎರಡಕ್ಕೂ ಗುಮಾಸ್ತ ತುಂಬಬೇಕಾದ ಕಾಗದ ಹೆಚ್ಚುಕಡಿಮೆ ಒಂದೇ. ಸಾಲ ಮುಳುಗಿದರೆ ನಷ್ಟ ಪೂರ್ತಿ ಸರ್ಕಾರದ್ದು, ಬ್ಯಾಂಕಿಗೆ ಚಿಕ್ಕಾಸಿನ ಗಂಡಾಂತರವೂ ಇಲ್ಲ. ಹೀಗಿರುವಾಗ ಬ್ಯಾಂಕು ಯಾವ ಕಡತ ಮೊದಲು ಎತ್ತಿಕೊಳ್ಳುತ್ತದೆ ಎಂದು ತಿಳಿಯಲು ಅರ್ಥಶಾಸ್ತ್ರ ಓದಬೇಕಿಲ್ಲ. ಬ್ಯಾಂಕ್ ಆಫ್ ಅಮೆರಿಕ ಮೊದಲ ದಿನ ತನ್ನಲ್ಲಿ ಮೊದಲೇ ವ್ಯಾಪಾರಿ ಸಾಲ ಇದ್ದವರ ಅರ್ಜಿಯನ್ನಷ್ಟೇ ತೆಗೆದುಕೊಂಡಿತು. ಬರೀ ಉಳಿತಾಯದ ಖಾತೆ ಇಟ್ಟುಕೊಂಡು, ಸಾಲವಿಲ್ಲದೆ ಮರ್ಯಾದೆಯಿಂದ ಬದುಕಿದವನು ಹೊರಗೆ ನಿಂತ.

ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ತಲೆಭಾಗದ ಗದ್ದೆಗಳು ತುಂಬಿ ತುಳುಕುತ್ತವೆ, ಕೊನೆಭಾಗದ ರೈತ ಒಣಗಿದ ತೂಬಿನ ಮುಂದೆ ಕಾಯುತ್ತಾನೆ. ನ್ಯೂಯಾರ್ಕಿನಲ್ಲೂ ಆದದ್ದು ಅದೇ. ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕು 2020ರ ಆಗಸ್ಟಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಪ್ಪು ಜನರ ಅಂಗಡಿಗಳು ದಟ್ಟವಾಗಿರುವ ಬ್ರಾಂಕ್ಸ್‌ನಲ್ಲಿ ಈ ಸಾಲ ತಲುಪಿದ್ದು ಅರ್ಹ ಉದ್ದಿಮೆಗಳಲ್ಲಿ ಶೇ 7ರಷ್ಟಕ್ಕೆ ಮಾತ್ರ. ಆ ವರ್ಷದ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ದೇಶದಲ್ಲಿ ನಡೆಯುತ್ತಿದ್ದ ಕಪ್ಪು ಜನರ ಉದ್ದಿಮೆಗಳ ಸಂಖ್ಯೆ ಶೇ 41ರಷ್ಟು ಕುಸಿಯಿತು. ಬಿಳಿಯರದ್ದು ಶೇ 17. ಹಿಂದುಳಿದವರಿಗೆ, ಹಳ್ಳಿಗಾಡಿನವರಿಗೆ ಆದ್ಯತೆ ಸಿಗಲಿ ಎಂಬ ಆಶಯ ಕಾಯ್ದೆಯಲ್ಲೇ ಇತ್ತು. ಅದರಂತೆ ನಡೆಯಿರಿ ಎಂದು ಬ್ಯಾಂಕುಗಳಿಗೆ ಯಾವ ಸೂಚನೆಯೂ ಹೋಗಲಿಲ್ಲ. ಅರ್ಜಿದಾರ ಯಾವ ಸಮುದಾಯದವನು ಎಂಬ ಪ್ರಶ್ನೆಯೇ ಅರ್ಜಿಯಲ್ಲಿ ಇರಲಿಲ್ಲ. ಈ ಯೋಜನೆ ನಡೆಸಿದ ಸಣ್ಣ ಉದ್ದಿಮೆಗಳ ಆಡಳಿತ ಕಚೇರಿಯ, ಅಂದರೆ ಎಸ್‌ಬಿಎಯ, ಒಳಗಿನ ಮಹಾ ತನಿಖಾಧಿಕಾರಿಯೇ 2020ರ ಮೇ 8ರ ವರದಿಯಲ್ಲಿ ಇದನ್ನು ಎತ್ತಿ ತೋರಿಸಿದರು. ಯಾರಿಗೆ ಸಿಕ್ಕಿಲ್ಲ ಎಂದು ಮುಂದೆ ಯಾರೂ ಹೇಳಲಾಗದಂತೆ ಅರ್ಜಿಯಿಂದಲೇ ಸಾಕ್ಷಿ ಅಳಿಸಿಹೋಗಿತ್ತು.

ಒಬ್ಬನೇ ದುಡಿಯುವವನ ಕತೆ ಇನ್ನೂ ಕೆಟ್ಟದು. ಟ್ಯಾಕ್ಸಿ ಓಡಿಸುವವನು, ಮನೆಮನೆಗೆ ಹೋಗಿ ರಿಪೇರಿ ಮಾಡುವವನು, ಬಾಡಿಗೆ ಕುರ್ಚಿಯಲ್ಲಿ ಕೂದಲು ಕತ್ತರಿಸುವವಳು. ಇವರಿಗೆ ಸಾಲದ ಮೊತ್ತವನ್ನು ತೆರಿಗೆ ಪತ್ರದಲ್ಲಿ ತೋರಿಸಿದ ನಿವ್ವಳ ಲಾಭದ ಮೇಲೆ ಕಟ್ಟಿದರು. ಪೆಟ್ರೋಲು, ವಿಮೆ, ಬಾಡಿಗೆ ಎಲ್ಲ ಕಳೆದ ಮೇಲೆ ಲಾಭ ತೋರದವನಿಗೆ ಸಾಲವೂ ಇಲ್ಲ. ಒಟ್ಟು ವರಮಾನದ ಮೇಲೆ ಲೆಕ್ಕ ಹಾಕಬಹುದು ಎಂದು ನಿಯಮ ಬದಲಾದದ್ದು 2021ರ ಮಾರ್ಚಿನಲ್ಲಿ, ಪಿಡುಗು ಬಂದು ವರ್ಷ ಕಳೆದ ಮೇಲೆ. ಅದೂ ಹಿಂದಿನ ದಿನಾಂಕದಿಂದ ಅಲ್ಲ. ಮೊದಲೇ ಪುಡಿಗಾಸು ಪಡೆದವರಿಗೆ ಹೆಚ್ಚಿನದು ಸಿಗಲಿಲ್ಲ. ನಿಯಮದ ಒಂದು ಸಾಲನ್ನು ಅಜಾಗರೂಕತೆಯಿಂದ ಬರೆದದ್ದಕ್ಕೆ ಎಷ್ಟು ಜನರ ಒಂದು ವರ್ಷ ಬೂದಿಯಾಯಿತು ಎಂದು ಲೆಕ್ಕ ಇಟ್ಟವರಿಲ್ಲ.

ಈಗ ಕಾವಲಿನ ಮಾತು. ಇಷ್ಟು ಹಣ ಹೊರಗೆ ಬಿಡುವಾಗ ಕಾಯಲು ಒಂದು ಸಮಿತಿ ಇರಬೇಕೆಂದು ಕೇರ್ಸ್ ಕಾಯ್ದೆಯೇ ಹೇಳಿತ್ತು. ನಾನಾ ಇಲಾಖೆಗಳ ಮಹಾ ತನಿಖಾಧಿಕಾರಿಗಳ ಆ ಸಮಿತಿಗೆ ಗ್ಲೆನ್ ಫೈನ್ ಎಂಬ ಅನುಭವಿ ಅಧಿಕಾರಿಯನ್ನು ಅಧ್ಯಕ್ಷರಾಗಿ ಆರಿಸಿದ್ದರು. ಏಪ್ರಿಲ್ 7ರಂದು ಅಧ್ಯಕ್ಷ ಟ್ರಂಪ್ ಅವರನ್ನು ಆ ಸ್ಥಾನದಲ್ಲಿ ಉಳಿಯದಂತೆ ಮಾಡಿದರು. ದಿನಾಂಕಗಳನ್ನು ಜೋಡಿಸಿ ನೋಡಿ. 3ಕ್ಕೆ ಖಜಾನೆ ತೆರೆಯಿತು, 7ಕ್ಕೆ ಕಾವಲುಗಾರ ಹೋದ, 16ಕ್ಕೆ ಖಜಾನೆ ಖಾಲಿ.

ಆಗಲೂ ಜನರಿಗೆ ಸ್ವಲ್ಪ ಸತ್ಯ ಸಿಕ್ಕಿದ್ದು ಬೇರೊಂದು ಕಾನೂನಿನಿಂದ. ಷೇರುಪೇಟೆಯಲ್ಲಿರುವ ಕಂಪನಿಗಳು ಪಡೆದ ಸಾಲವನ್ನು ಹೂಡಿಕೆದಾರರಿಗೆ ಬಯಲು ಮಾಡಲೇಬೇಕು. ಪತ್ರಕರ್ತರು ಆ ದಾಖಲೆಗಳನ್ನು ಕೆದಕಿದರು. ಹೆಸರುಗಳು ಪತ್ರಿಕೆಯಲ್ಲಿ ಬಂದವು. ಜನ ಉಗಿದರು. ಶೇಕ್ ಶ್ಯಾಕ್ ಒಂದು ಕೋಟಿಯನ್ನೂ ಹಿಂತಿರುಗಿಸಿತು. ರೂತ್ಸ್ ಕ್ರಿಸ್ ಹಿಂತಿರುಗಿಸಿತು. ಲೇಕರ್ಸ್ ಹಿಂತಿರುಗಿಸಿತು. ಆಶ್‌ಫರ್ಡ್ ಕೂಡ ಕೊನೆಗೆ ಬಗ್ಗಿತು. ಹೆಸರುಗಳು ಬಯಲಾಗತೊಡಗಿದ ಮೇಲಷ್ಟೇ ಖಜಾನೆ ಇಲಾಖೆ ಎಚ್ಚೆತ್ತು, ಬೇರೆ ಕಡೆಯಿಂದ ಹಣ ಎತ್ತಬಲ್ಲ ದೊಡ್ಡ ಕಂಪನಿಗಳು ಹಿಂತಿರುಗಿಸಲಿ ಎಂದು ಮೇ ತಿಂಗಳ ಗಡುವು ಕೊಟ್ಟಿತು. ಯಾವ ಪೊಲೀಸನೂ ಹೋಗಲಿಲ್ಲ, ಯಾವ ನ್ಯಾಯಾಲಯವೂ ಆದೇಶಿಸಲಿಲ್ಲ. ಹೆಸರು ಬೆಳಕಿಗೆ ಬಂತು, ಹಣ ವಾಪಸು ಬಂತು. ಬಯಲಾದ ಹೆಸರಿಗೆ ಇಷ್ಟು ಬಲವಿದೆ ಎಂದು ಏಪ್ರಿಲಿನಲ್ಲೇ ಕಣ್ಣಿಗೆ ಹೊಡೆಯುವಂತೆ ಕಂಡಿತ್ತು. ಜೂನಿನಲ್ಲಿ ಸರ್ಕಾರ ಹಾಕಿದ ಬೀಗ ಅದನ್ನು ಕಂಡ ಮೇಲೆ ಹಾಕಿದ್ದು. ಅದಕ್ಕೇ ಅದನ್ನು ನಾನು ಅಜಾಗರೂಕತೆ ಎಂದು ಬಿಡಲಾರೆ.

2020ರ ಜೂನ್ 10ರಂದು ಖಜಾನೆ ಕಾರ್ಯದರ್ಶಿ ಸ್ಟೀವನ್ ಮ್ನೂಚಿನ್ ಸೆನೆಟಿನ ಸಮಿತಿಯ ಮುಂದೆ ಕೂತು, ಸಾಲ ಪಡೆದವರ ಹೆಸರು ಮತ್ತು ಮೊತ್ತ ವ್ಯಾಪಾರದ ಗುಟ್ಟು, ಗೋಪ್ಯ ಎಂದರು. ಸಾರ್ವಜನಿಕರ ಹಣ, ಸಾರ್ವಜನಿಕರ ಖಾತರಿ, ಮನ್ನಾ ಆದರೆ ಸಾರ್ವಜನಿಕರ ನಷ್ಟ. ಹೆಸರು ಮಾತ್ರ ಖಾಸಗಿ! ಇದೇ ಎಸ್‌ಬಿಎ ಪೇಚೆಕ್ ಸಾಲ ಬಂದ ಕಲಮಿನಡಿಯೇ ಕೊಡುವ ಸಾಮಾನ್ಯ ಸಾಲಗಳ ಪಟ್ಟಿಯನ್ನು ವರ್ಷಗಳಿಂದ ಪ್ರಕಟಿಸುತ್ತ ಬಂದಿತ್ತು. ಪೇಚೆಕ್ ಸಾಲದ ಅರ್ಜಿಯಲ್ಲೇ, ಸಾಲಗಾರನ ಹೆಸರು, ಮೊತ್ತ ಮಾಹಿತಿ ಹಕ್ಕಿನಡಿ ಬಯಲಾಗುತ್ತದೆ ಎಂದು ಅಚ್ಚಾಗಿತ್ತು. ಸಹಿ ಹಾಕಿದವರೆಲ್ಲ ಅದಕ್ಕೆ ಒಪ್ಪಿಯೇ ಹಾಕಿದ್ದರು. ಅರ್ಜಿದಾರ ಕೇಳದ ಗೋಪ್ಯತೆಯನ್ನು ಮಂತ್ರಿ ತಾನೇ ಕೈಯಾರೆ ಕೊಟ್ಟರು.

ಗಲಾಟೆ ಜೋರಾದ ಮೇಲೆ ಜುಲೈ 6ರಂದು ಅರ್ಧ ಬಾಗಿಲು ತೆರೆದರು. ಒಂದೂವರೆ ಲಕ್ಷ ಡಾಲರ್ ಮೀರಿದ ಸಾಲಗಳ ಹೆಸರಷ್ಟೇ, ಅದೂ ನಿಖರ ಮೊತ್ತವಿಲ್ಲದೆ. 'ಇಪ್ಪತ್ತು ಲಕ್ಷದಿಂದ ಐವತ್ತು ಲಕ್ಷ' ಎಂಬಂಥ ಅಂದಾಜಿನಲ್ಲಿ ಯಾರಿಗೆ ಎಷ್ಟು ಎಂದು ತಿಳಿಯುವುದು ಹೇಗೆ? ಐದರಲ್ಲಿ ನಾಲ್ಕಕ್ಕೂ ಹೆಚ್ಚು ಸಾಲಗಳಿಗೆ ಹೆಸರೇ ಇರಲಿಲ್ಲ. ಅನೇಕ ಸಾಲಗಳ ಎದುರು, ಉಳಿಸಿದ ಕೆಲಸ ಎಷ್ಟು ಎಂಬ ಜಾಗ ಖಾಲಿಯಿತ್ತು, ಇಲ್ಲವೇ ಸೊನ್ನೆಯಿತ್ತು. ಕೆಲಸ ಉಳಿಸುವುದಕ್ಕೆಂದೇ ಹುಟ್ಟಿದ ಸಾಲದ ದಾಖಲೆಯಲ್ಲಿ ಕೆಲಸದ ಕಾಲಂ ಖಾಲಿ.

ವಾಷಿಂಗ್ಟನ್ ಪೋಸ್ಟ್ ಮತ್ತು ಇತರ ಸುದ್ದಿಸಂಸ್ಥೆಗಳು ಕೋರ್ಟಿಗೆ ಹೋದವು. 2020ರ ನವೆಂಬರ್ 5ರಂದು ನ್ಯಾಯಾಧೀಶ ಜೇಮ್ಸ್ ಬೋಸ್‌ಬರ್ಗ್ ಎಲ್ಲ ಹೆಸರುಗಳನ್ನೂ, ಎಲ್ಲ ಮೊತ್ತಗಳನ್ನೂ ಕೊಡಿ ಎಂದು ಆದೇಶಿಸಿದರು. ಡಿಸೆಂಬರ್ 1ರ ರಾತ್ರಿ ಪಟ್ಟಿ ಹೊರಬಂತು. ಏನಿತ್ತು ಅದರಲ್ಲಿ? ಖಾಲಿಯಾದ ಖಜಾನೆಗೆ ಮತ್ತೆ ತುಂಬಿದ್ದೂ ಸೇರಿ ಅಲ್ಲಿಯವರೆಗೆ ಹಂಚಿದ್ದ 52,000 ಕೋಟಿಗೂ ಹೆಚ್ಚಿನ ಡಾಲರಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿದ್ದು ಸಾಲ ಪಡೆದವರಲ್ಲಿ ಶೇ 5ರಷ್ಟು ಜನರಿಗೆ. ಸುಮಾರು 600 ಕಂಪನಿಗಳು ಗರಿಷ್ಠ ಮೊತ್ತವಾದ ಒಂದು ಕೋಟಿಯನ್ನೇ ಎತ್ತಿದ್ದವು. ಇದನ್ನು ಜನರಿಂದ ಎಂಟು ತಿಂಗಳು ಬಚ್ಚಿಟ್ಟರು. ಆ ಎಂಟು ತಿಂಗಳಲ್ಲಿ ಅಧ್ಯಕ್ಷರ ಚುನಾವಣೆಯೂ ಮುಗಿದುಹೋಯಿತು. ಮತ ಹಾಕುವಾಗ ಜನರ ಕೈಯಲ್ಲಿ ಈ ಪಟ್ಟಿ ಇರಲಿಲ್ಲ.

ಅವಸರವಾಗಿತ್ತು ಎನ್ನುತ್ತಾರೆ. ಮನೆಗೆ ಬೆಂಕಿ ಬಿದ್ದಾಗ ಲೆಕ್ಕ ಕೇಳಬಾರದು ಎಂದು ಇಂದಿಗೂ ವಾದಿಸುವವರಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅವಸರ ಎಲ್ಲರಿಗೂ ಒಂದೇ ಆಗಿರಲಿಲ್ಲ. ಬ್ರಾಂಕ್ಸಿನವನ ಅರ್ಜಿಗೆ ಅವಸರವಿರಲಿಲ್ಲ. ಸರ್ಕಾರದ ಬಳಿ 'ಡು ನಾಟ್ ಪೇ' ಎಂಬ ಪಟ್ಟಿ ಇದೆ. ಸತ್ತವರು, ಸರ್ಕಾರಕ್ಕೆ ಬಾಕಿ ಉಳಿಸಿಕೊಂಡವರು, ನಿಷೇಧಕ್ಕೆ ಒಳಗಾದವರು, ಇಂಥವರಿಗೆ ಹಣ ಹೋಗದಂತೆ ನೋಡಿಕೊಳ್ಳಲು ಖಜಾನೆ ಇಲಾಖೆಯೇ ನಡೆಸುವ ವ್ಯವಸ್ಥೆ ಅದು. ಕಂಪ್ಯೂಟರಿನಲ್ಲಿ ಒಂದು ಪಟ್ಟಿಯನ್ನು ಇನ್ನೊಂದರ ಜೊತೆ ತಾಳೆ ನೋಡುವ ಕೆಲಸ. ಹಣ ಬಿಡುಗಡೆಗೆ ಮುಂಚೆ ಅದನ್ನು ಮಾಡಲಿಲ್ಲ. ಆ ಪಟ್ಟಿಗೆ ತಾಳೆಯಾಗುವ ಸುಮಾರು 57,500 ಸಾಲಗಳು, 360 ಕೋಟಿ ಡಾಲರ್, ಅನರ್ಹರಿಗೆ ಹೋಗಿರಬಹುದು ಎಂದು ಎಸ್‌ಬಿಎಯ ಮಹಾ ತನಿಖಾಧಿಕಾರಿ 2021ರ ಜನವರಿಯಲ್ಲಿ ಎಚ್ಚರಿಸಿದರು. 2023ರಲ್ಲಿ ಕಾವಲು ಸಮಿತಿ ಇನ್ನೊಂದನ್ನು ಹೇಳಿತು: ಅನುಮಾನಾಸ್ಪದವಾದ 69,323 ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗಳ ಮೇಲೆ 540 ಕೋಟಿ ಡಾಲರ್ ನೆರವಿನ ಸಾಲ ಹೋಗಿದೆ. ಈ ತಾಳೆಗೆ ತಿಂಗಳುಗಳು ಬೇಕಿರಲಿಲ್ಲ. ಮಾಡಬೇಕೆಂಬ ಮನಸ್ಸು ಬೇಕಿತ್ತು.

ಸರ್ಕಾರ ಮಾಡದ ಕೆಲಸವನ್ನು ಹೊರಗಿನವರು ಮಾಡಿದರು, ಅದೂ ಪಟ್ಟಿ ಬಯಲಾದ ಮೇಲೆ. 2021ರ ಮೇ ತಿಂಗಳಲ್ಲಿ ಪ್ರೋಪಬ್ಲಿಕಾದ ಪತ್ರಕರ್ತರು ಪಟ್ಟಿಯನ್ನು ಮುಂದಿಟ್ಟುಕೊಂಡು ವಿಳಾಸಗಳನ್ನು ಹುಡುಕುತ್ತ ಹೊರಟರು. ಕಬೇಜ್ ಎಂಬ ಆನ್‌ಲೈನ್ ಸಾಲದ ಕಂಪನಿ ಇಲ್ಲದ ಹೊಲಗಳಿಗೆ, ಇಲ್ಲದ ತೋಟಗಳಿಗೆ ನೂರಾರು ಸಾಲ ಕೊಟ್ಟಿತ್ತು. ನ್ಯೂಜೆರ್ಸಿಯ ಕಡಲತೀರದ ಮನೆಗಳ ವಿಳಾಸದಲ್ಲಿ ಕೃಷಿ ಉದ್ದಿಮೆ, ಹಿಮ ಬೀಳುವ ಮಿನೆಸೋಟದಲ್ಲಿ ಕಿತ್ತಳೆ ತೋಟ. ಕಿತ್ತಳೆ ಎಲ್ಲಿ ಬೆಳೆಯುತ್ತದೆ ಎಂದು ಗೊತ್ತಿರುವ ಒಬ್ಬ ಗುಮಾಸ್ತ ಒಂದು ನಿಮಿಷ ಅರ್ಜಿ ನೋಡಿದ್ದರೆ ಸಾಕಿತ್ತು. ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು ಅದೇ ಬಯಲಾದ ಪಟ್ಟಿಯನ್ನು ಜಾಲಾಡಿ, ಅನುಮಾನದ ಸಾಲಗಳು ಆನ್‌ಲೈನ್ ಸಾಲ ಕಂಪನಿಗಳ ಮೂಲಕ ಎಷ್ಟೋ ಪಟ್ಟು ಹೆಚ್ಚಾಗಿ ಹೋಗಿವೆ ಎಂದು ತೋರಿಸಿದರು. 2022ರ ಡಿಸೆಂಬರಿನಲ್ಲಿ ಪ್ರತಿನಿಧಿ ಸದನದ ಉಪಸಮಿತಿ ಬ್ಲೂಏಕಾರ್ನ್ ಎಂಬ ಇಂಥದೇ ಕಂಪನಿಯ ಲೆಕ್ಕ ಬಿಚ್ಚಿಟ್ಟಿತು. ಅರ್ಜಿಗಳನ್ನು ದಾಟಿಸಿದ್ದಕ್ಕೆ ಅದಕ್ಕೆ ಬಂದ ಶುಲ್ಕ 100 ಕೋಟಿ ಡಾಲರಿಗೂ ಹೆಚ್ಚು. ವಂಚನೆ ತಡೆಯಲು ಅದರಲ್ಲಿ ಖರ್ಚು ಮಾಡಿದ್ದು ಶೇ 1ಕ್ಕಿಂತ ಕಡಿಮೆ.

ಫ್ಲೋರಿಡಾದಲ್ಲಿ ಒಬ್ಬ ಈ ಹಣದಲ್ಲಿ ಲ್ಯಾಂಬೋರ್ಗಿನಿ ಕಾರು ಕೊಂಡ, ಟೆಕ್ಸಾಸಿನಲ್ಲಿ ಇನ್ನೊಬ್ಬ ಕೊಂಡ. ಇಬ್ಬರೂ ಜೈಲಿಗೆ ಹೋದರು. ಪತ್ರಿಕೆಗಳಿಗೆ ಈ ಸುದ್ದಿ ಬಹಳ ರುಚಿಸಿತು. ಕಾರಿನ ಚಿತ್ರ ಹಾಕಿ ಕಳ್ಳರನ್ನು ತೋರಿಸಿದ್ದಷ್ಟೇ ಬಂತು. ಎಸ್‌ಬಿಎ ಮಹಾ ತನಿಖಾಧಿಕಾರಿಯ 2023ರ ಜೂನ್ ವರದಿ ಪೇಚೆಕ್ ಯೋಜನೆಯಲ್ಲಿ 6,400 ಕೋಟಿ ಡಾಲರ್, ಅದರ ಜೊತೆಗಿದ್ದ ವಿಪತ್ತು ಸಾಲದ ಯೋಜನೆಯಲ್ಲಿ 13,600 ಕೋಟಿ ಡಾಲರ್ ವಂಚನೆ ಆಗಿರಬಹುದು ಎಂದು ಅಂದಾಜಿಸಿತು. ಎಸ್‌ಬಿಎ ಆಡಳಿತ ಆ ಅಂದಾಜನ್ನು ಒಪ್ಪಲಿಲ್ಲ. ಒಪ್ಪಲಿ ಬಿಡಲಿ, ನನ್ನನ್ನು ಹೆಚ್ಚು ಕೆರಳಿಸುವುದು ಕಳ್ಳತನದ ಅಂಕಿಯಲ್ಲ, ಕಾನೂನುಬದ್ಧವಾಗಿ ಹೋದ ಹಣದ ಅಂಕಿ. ಎಂಐಟಿಯ ಅರ್ಥಶಾಸ್ತ್ರಜ್ಞ ಡೇವಿಡ್ ಆಟರ್ ಮತ್ತು ಸಂಗಡಿಗರು 2022ರಲ್ಲಿ ಲೆಕ್ಕ ಹಾಕಿದರು. ಯೋಜನೆಯ ಸುಮಾರು 80,000 ಕೋಟಿ ಡಾಲರಿನಲ್ಲಿ, ಇಲ್ಲದಿದ್ದರೆ ಕೆಲಸ ಕಳೆದುಕೊಳ್ಳುತ್ತಿದ್ದ ನೌಕರರ ಕೈ ಸೇರಿದ್ದು ಶೇ 23ರಿಂದ 34ರಷ್ಟು ಮಾತ್ರ. ಉಳಿದದ್ದು ಮಾಲೀಕರಿಗೆ, ಷೇರುದಾರರಿಗೆ ಹೋಯಿತು. ಒಟ್ಟು ಲಾಭದ ಮುಕ್ಕಾಲು ಭಾಗ ದೇಶದ ಅತಿ ಹೆಚ್ಚು ಆದಾಯದ ಐದನೇ ಒಂದು ಭಾಗದ ಕುಟುಂಬಗಳಿಗೆ. ಒಬ್ಬನ ಕೆಲಸವನ್ನು ಒಂದು ವರ್ಷ ಉಳಿಸಲು ತಗುಲಿದ ಖರ್ಚು 1.7 ಲಕ್ಷದಿಂದ 2.57 ಲಕ್ಷ ಡಾಲರ್! ಆ ಹಣವನ್ನು ನೇರವಾಗಿ ನೌಕರನ ಕೈಗೇ ಇಟ್ಟಿದ್ದರೆ ಎಷ್ಟು ಮನೆಗಳ ಒಲೆ ಉರಿಯುತ್ತಿತ್ತು? ನೌಕರನ ಹೆಸರಿನಲ್ಲಿ ಬಂದ ಹಣ ನೌಕರನ ತಲೆ ಮೇಲಿಂದ ಹಾರಿ ಮಾಲೀಕನ ಮಡಿಲಿಗೆ ಬಿತ್ತು. ಶೇ 90ಕ್ಕೂ ಹೆಚ್ಚು ಸಾಲ ಮನ್ನಾ ಆಗಿದೆ. ಆ ಹಣ ಇನ್ನು ವಾಪಸು ಬರುವುದಿಲ್ಲ.

ಮನ್ನಾ ಪಡೆದವರಲ್ಲಿ ಸಂಸದರೂ ಇದ್ದರು. 2022ರ ಆಗಸ್ಟಿನಲ್ಲಿ ವಿದ್ಯಾರ್ಥಿಗಳ ಸಾಲ ಒಂದಿಷ್ಟು ಮನ್ನಾ ಮಾಡುತ್ತೇವೆ ಎಂದು ಬೈಡನ್ ಸರ್ಕಾರ ಹೇಳಿದಾಗ, ಜಾರ್ಜಿಯಾದ ಸಂಸದೆ ಮಾರ್ಜೊರಿ ಟೇಲರ್ ಗ್ರೀನ್ ಅದನ್ನು ಅನ್ಯಾಯವೆಂದು ಕೂಗಾಡಿದರು. ಅವರ ಪೇಚೆಕ್ ಸಾಲ 1,83,504 ಡಾಲರ್ ಮನ್ನಾ ಆಗಿದೆ ಎಂದು ಶ್ವೇತಭವನ ಕೂಡಲೇ ಲೋಕಕ್ಕೆ ತಿಳಿಸಿತು. ಪೆನ್ಸಿಲ್ವೇನಿಯಾದ ಮೈಕ್ ಕೆಲ್ಲಿ, ಫ್ಲೋರಿಡಾದ ವರ್ನ್ ಬುಕಾನನ್ ಅವರದ್ದೂ ಹೊರಬಂತು. ಬುಕಾನನ್ ಅವರದ್ದು 23 ಲಕ್ಷ ಡಾಲರಿಗೂ ಮಿಕ್ಕಿತ್ತು. ವಿದ್ಯಾರ್ಥಿಗಳ ಸಾಲಮನ್ನಾ ಯೋಜನೆಯನ್ನು 2023ರ ಜೂನಿನಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಸಂಸದರ ಮನ್ನಾ ಹಾಗೇ ಉಳಿಯಿತು. ಆದರೆ ಯಾರು ಏನು ತಿಂದು ಏನು ಮಾತಾಡುತ್ತಿದ್ದಾರೆ ಎಂದು ಜನರಿಗೆ ಗೊತ್ತಾದದ್ದು ಕೋರ್ಟು ಬಿಡಿಸಿದ ಆ ಪಟ್ಟಿಯಿಂದ.

ಪಟ್ಟಿ ಬಯಲು ಮಾಡುವುದರಿಂದ ಸಣ್ಣ ವ್ಯಾಪಾರಿಯ ಮಾನ ಹೋಗುತ್ತದೆ ಎಂಬ ವಾದವಿದೆ. ಇದರಲ್ಲಿ ಒಂದಿಷ್ಟು ನಿಜವೂ ಇದೆ. ಮನೆಯಿಂದಲೇ ಕೆಲಸ ಮಾಡುವ ಹೆಂಗಸಿನ ಮನೆ ವಿಳಾಸ ಲೋಕಕ್ಕೆಲ್ಲ ಯಾಕೆ? ಅದನ್ನು ಮುಚ್ಚಿ, ಊರಿನ ಹೆಸರು ಸಾಕು. ಬ್ಯಾಂಕ್ ಖಾತೆ ಸಂಖ್ಯೆ ಮುಚ್ಚಿ. ಆದರೆ ಬಡವರ ಮಾನದ ಹಿಂದೆ ಒಂದು ಕೋಟಿ ಪಡೆದವನು ಅಡಗಿ ಕೂರುವುದನ್ನು ಯಾರು ಒಪ್ಪುತ್ತಾರೆ? ಕಷ್ಟದಲ್ಲಿ ನೆರವು ಪಡೆದು ನಾಲ್ಕು ಆಳುಗಳ ಕೆಲಸ ಉಳಿಸಿದವನಿಗೆ ಮುಚ್ಚಿಡಲು ಏನಿದೆ?

ಇದು ಅಮೆರಿಕದ ಕತೆ ಮಾತ್ರವಲ್ಲ. ಬ್ರಿಟನ್ನಿನಲ್ಲಿ ಬೌನ್ಸ್ ಬ್ಯಾಕ್ ಸಾಲ ಎಂದು 50,000 ಪೌಂಡ್‌ವರೆಗೆ ಹಂಚಿದರು, ಪೂರ್ತಿ ಸರ್ಕಾರದ ಖಾತರಿಯಲ್ಲಿ. ಪಿಡುಗು ಬರುವ ಹೊತ್ತಿಗೆ ವ್ಯಾಪಾರವನ್ನೇ ನಡೆಸದಿದ್ದ ಸಾವಿರಕ್ಕೂ ಹೆಚ್ಚು ಕಂಪನಿಗಳಿಗೆ ಸಾಲ ಹೋಗಿದೆ ಎಂದು ಹೇಳಿ, ವಂಚನೆ ತಡೆಯ ಹೊಣೆ ಹೊತ್ತಿದ್ದ ಸಚಿವ ಲಾರ್ಡ್ ಆಗ್ನ್ಯೂ 2022ರ ಜನವರಿ 24ರಂದು ಸದನದಲ್ಲೇ ರಾಜೀನಾಮೆ ಕೊಟ್ಟು ಎದ್ದುಹೋದರು. ಅಧಿಕಾರದಲ್ಲಿದ್ದ ಒಬ್ಬನಾದರೂ ಹಾಗೆ ನಡೆದುಕೊಂಡದ್ದಕ್ಕೆ ಅವರನ್ನು ನೆನೆಯಬೇಕು.

ಇನ್ನು ನಮ್ಮ ಮನೆಯ ಮಾತು. 2020ರ ಮೇ 13ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಮೂರು ಲಕ್ಷ ಕೋಟಿ ರೂಪಾಯಿಯ ತುರ್ತು ಸಾಲ ಖಾತರಿ ಯೋಜನೆ ಘೋಷಿಸಿದರು. ಮುಂದೆ ಅದು ಐದು ಲಕ್ಷ ಕೋಟಿಗೆ ಏರಿತು. ಸಣ್ಣ, ಅತಿಸಣ್ಣ ಉದ್ದಿಮೆಗಳನ್ನು ಉಳಿಸುವುದಕ್ಕೆ ಎಂದರು. ಯಾರಿಗೆ ಸಿಗುತ್ತಿತ್ತು? 2020ರ ಫೆಬ್ರವರಿ 29ಕ್ಕೆ ಬ್ಯಾಂಕಿನಲ್ಲಿ ಸಾಲ ಬಾಕಿ ಇದ್ದವರಿಗೆ, ಆ ಬಾಕಿಯ ಶೇ 20ರಷ್ಟು. ಪೀಣ್ಯದ ಶೆಡ್ಡಿನಲ್ಲಿ ಒಂದು ಲೇತ್ ಇಟ್ಟುಕೊಂಡು ಜಾಬ್‌ವರ್ಕ್ ಮಾಡುವವನ ಬಂಡವಾಳ ಬಂದದ್ದು ಹೆಂಡತಿಯ ಒಡವೆಯಿಂದ, ಚೀಟಿಯಿಂದ, ಕೈಸಾಲದಿಂದ, ಮೀಟರ್ ಬಡ್ಡಿಯಿಂದ. ಬ್ಯಾಂಕಿನ ಪುಸ್ತಕದಲ್ಲಿ ಅವನ ಬಾಕಿ ಸೊನ್ನೆ. ಸೊನ್ನೆಯ ಶೇ 20 ಎಷ್ಟು? ಬಟವಾಡೆಗೆ ದುಡ್ಡಿಲ್ಲದೆ ಅವನು ಹುಡುಗರನ್ನು ಊರಿಗೆ ಕಳಿಸಿದ, ಲೇತ್ ಮಾರಿದ. ಅತ್ತ ಯೋಜನೆ ಮೇಲಕ್ಕೆ ಬೆಳೆಯುತ್ತ ಹೋಯಿತು. ನವೆಂಬರಿನಲ್ಲಿ 500 ಕೋಟಿ ರೂಪಾಯಿವರೆಗೆ ಸಾಲ ಬಾಕಿ ಇರುವ ಕಂಪನಿಗಳಿಗೆ ಬಾಗಿಲು ತೆರೆಯಿತು. 2022ರ ಅಕ್ಟೋಬರಿನಲ್ಲಿ ಒಂದು ವಿಮಾನ ಕಂಪನಿಗೆ 1,500 ಕೋಟಿವರೆಗೆ ಕೊಡಬಹುದು ಎಂದಾಯಿತು. ಸಣ್ಣವರ ಹೆಸರಿನಲ್ಲಿ ಹುಟ್ಟಿದ ಯೋಜನೆ ಎರಡೂವರೆ ವರ್ಷದಲ್ಲಿ ಆಕಾಶಕ್ಕೆ ಹಾರಿತು. 2023ರ ಮಾರ್ಚ್ 31ಕ್ಕೆ ಮುಗಿಯುವ ಹೊತ್ತಿಗೆ ಒಂದು ಕೋಟಿಗೂ ಹೆಚ್ಚು ಸಾಲಗಾರರು ಇದರಡಿ ಬಂದಿದ್ದರು.

ಆ ಸಾಲಗಾರರು ಯಾರು? ಒಟ್ಟು ಮೊತ್ತ ಸಂಸತ್ತಿನ ಉತ್ತರಗಳಲ್ಲಿದೆ. ಅಮೆರಿಕದ ಯಾವ ಶಾಲಾ ಹುಡುಗನಾದರೂ ತನ್ನ ಬೀದಿಯ ಅಂಗಡಿಗೆ ಎಷ್ಟು ಪೇಚೆಕ್ ಸಾಲ ಬಂತು ಎಂದು ಹೆಸರು ಹಾಕಿ ನೋಡಬಹುದು. ನಮ್ಮಲ್ಲಿ ಹಾಗೆ ಹುಡುಕಿ ನೋಡುವ ಹೆಸರಿನ ಪಟ್ಟಿ ಇಲ್ಲ.

ಅದೇ 2020ರಲ್ಲಿ ಕಲಬುರಗಿಯ, ರಾಯಚೂರಿನ ಹಳ್ಳಿಗಳಲ್ಲಿ ಉದ್ಯೋಗ ಖಾತರಿಯ ಕೆರೆ ಹೂಳೆತ್ತಿದ ಹೆಣ್ಣುಮಗಳಿಗೆ ದಿನಕ್ಕೆ 275 ರೂಪಾಯಿ ಕೂಲಿ. ಅವಳ ಹೆಸರು, ಜಾಬ್ ಕಾರ್ಡ್ ಸಂಖ್ಯೆ, ಎಷ್ಟು ದಿನ ದುಡಿದಳು, ಎಷ್ಟು ಕೂಲಿ ಬಂತು ಎಲ್ಲವೂ ಹಾಜರಿ ಪಟ್ಟಿಯಲ್ಲಿ, ಅಂತರ್ಜಾಲದಲ್ಲಿ, ಲೋಕವೆಲ್ಲ ನೋಡುವಂತೆ. ಉದ್ಯೋಗ ಖಾತರಿ ಕಾಯ್ದೆಯ 17ನೇ ಕಲಮಿನಂತೆ ಗ್ರಾಮಸಭೆಯ ಸಾಮಾಜಿಕ ಪರಿಶೋಧನೆ ಇತ್ತು. ಅದು ಸರಿ, ಹಾಗೇ ಇರಬೇಕು. ಗುತ್ತಿಗೆದಾರ ಅವಳ ಕೂಲಿ ನುಂಗದಿರಲು ಆ ಪಟ್ಟಿಯೇ ಅವಳ ಆಯುಧ. 275 ರೂಪಾಯಿಗೆ ಗ್ರಾಮಸಭೆಯ ಮುಂದೆ ನಿಲ್ಲುವವಳ ಕೂಲಿ ಸಾರ್ವಜನಿಕ. ಅವಳೂ ಸೇರಿ ನಾವೆಲ್ಲ ಖಾತರಿ ನಿಂತ 1,500 ಕೋಟಿಯ ಸಾಲ ಗೋಪ್ಯ. ಯಾವ ನ್ಯಾಯ ಇದು?

ಕೇಳುವ ದಾರಿಯನ್ನೂ ಕಡಿಯುತ್ತಿದ್ದಾರೆ. ಕೇಂದ್ರಕ್ಕಿಂತ ಮೊದಲೇ, 2000ದಲ್ಲಿ, ಮಾಹಿತಿ ಹಕ್ಕಿಗೆ ಕಾಯ್ದೆ ಮಾಡಿದ ರಾಜ್ಯ ನಮ್ಮದು. 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಬ್ಯಾಂಕುಗಳ ಗುಟ್ಟು ಕಾಯುವುದು ತನ್ನ ಧರ್ಮ ಎಂಬ ರಿಸರ್ವ್ ಬ್ಯಾಂಕಿನ ವಾದವನ್ನು ತಳ್ಳಿಹಾಕಿ, ಸಾರ್ವಜನಿಕರ ಹಿತ ದೊಡ್ಡದು ಎಂದಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನೇ ತಿದ್ದಿತು. ವೈಯಕ್ತಿಕ ಮಾಹಿತಿಯನ್ನು ನಿರಾಕರಿಸುವಾಗ ಸಾರ್ವಜನಿಕ ಹಿತವನ್ನು ತೂಗಿ ನೋಡಬೇಕೆಂಬ ಮಾತನ್ನು ಅಲ್ಲಿಂದ ಕಿತ್ತುಹಾಕಿತು. ಮ್ನೂಚಿನ್ ಸೆನೆಟಿನಲ್ಲಿ ಬಾಯಿಮಾತಿನಲ್ಲಿ ಹೇಳಿ ಕೋರ್ಟಿನಲ್ಲಿ ಸೋತದ್ದನ್ನು ನಮ್ಮವರು ಕಾನೂನಿನ ಪುಸ್ತಕದಲ್ಲೇ ಬರೆದುಕೊಂಡರು. ಈಗ ಉಳಿದಿರುವುದು 8(2)ನೇ ಕಲಮು: ರಕ್ಷಿಸಬೇಕಾದ ಹಿತಕ್ಕಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು ಎನ್ನುತ್ತದೆ ಅದು.

ಆ ಕಲಮನ್ನು ಹಿಡಿದೇ ಕೇಳೋಣ. ತುರ್ತು ಸಾಲ ಖಾತರಿಯಡಿ ಹತ್ತು ಲಕ್ಷ ರೂಪಾಯಿ ಮೀರಿದ ಪ್ರತಿಯೊಂದು ಸಾಲದ ವಿವರ ಬೇಕು: ಉದ್ದಿಮೆಯ ಹೆಸರು, ತಾಲ್ಲೂಕು, ಸಾಲ ಕೊಟ್ಟ ಬ್ಯಾಂಕು, ಮೊತ್ತ, ಸಾಲ ಪಡೆದ ದಿನ ಎಷ್ಟು ನೌಕರರಿದ್ದರು, ವರ್ಷದ ನಂತರ ಎಷ್ಟು ಮಂದಿ ಉಳಿದರು, ಸಾಲ ತೀರಿತೋ ಇಲ್ಲವೋ, ತೀರದಿದ್ದರೆ ಖಾತರಿ ಟ್ರಸ್ಟು ಬ್ಯಾಂಕಿಗೆ ಕಟ್ಟಿಕೊಟ್ಟದ್ದೆಷ್ಟು. ಪೀಣ್ಯದ, ಹುಬ್ಬಳ್ಳಿಯ, ಬೆಳಗಾವಿ ಫೌಂಡ್ರಿಗಳ ಕಾರ್ಮಿಕರು ಓದುವಂತೆ ಕನ್ನಡದಲ್ಲಿ ಬೇಕು. ತಿರಸ್ಕರಿಸಿದರೆ ಮೊದಲ ಮೇಲ್ಮನವಿ, ಆಮೇಲೆ ಕೇಂದ್ರ ಮಾಹಿತಿ ಆಯೋಗ, ಆಮೇಲೆ ಹೈಕೋರ್ಟು. ಅರ್ಜಿಗೆ ಶುಲ್ಕ ಹತ್ತು ರೂಪಾಯಿ.